ಕನ್ನಡ ಬೈಬಲಿನ ಹಿಂದಿರುವ ಹೀಬ್ರೂ ದೇವನಾಮಗಳನ್ನು ಗುರುತಿಸಿ ಓದುವ ಬಗೆ

ಕನ್ನಡ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದೇವರು, ಯೆಹೋವ, ಕರ್ತನು, ಸರ್ವಶಕ್ತನು, ಪರಾತ್ಪರನು, ಸೇನಾಧೀಶ್ವರನು ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಇವೆಲ್ಲ ಒಂದಕ್ಕೊಂದು ಪರ್ಯಾಯವೆಂದು ಭಾವಿಸಿ ಓದಿದರೂ ಕಥೆಯ ಓಟಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ಹೀಬ್ರೂ ಮೂಲದಲ್ಲಿ ಒಂದೊಂದರ ಹಿಂದೆಯೂ ಬೇರೆ ಪದವಿದೆ. ಯಾವ ಪದವನ್ನು ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಇಡಲಾಗಿದೆ ಎಂಬುದನ್ನು ಗಮನಿಸಿದರೆ ಎಷ್ಟೋ ವಾಕ್ಯಗಳ ಅರ್ಥ ಸ್ಪಷ್ಟವಾಗುತ್ತದೆ. ಹೀಬ್ರೂ ಕಲಿಯದ, ಆದರೆ ತಾಳ್ಮೆಯಿಂದ ಓದಲು ಸಿದ್ಧರಿರುವ ಕನ್ನಡ ಓದುಗರು ಈ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಕೈಯಲ್ಲಿರುವ ಅನುವಾದದ ಪದ್ಧತಿಯನ್ನು ಮೊದಲು ತಿಳಿಯಿರಿ

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಅನುವಾದವು ಈ ವಿಷಯದಲ್ಲಿ ಸಾಕಷ್ಟು ಶಿಸ್ತಿನದು. ಅದರಲ್ಲಿ ‘ಯೆಹೋವ’ ಎಂದಿದ್ದರೆ ಮೂಲದಲ್ಲಿ ದೇವರ ಸ್ವಂತ ಹೆಸರಾದ ನಾಲ್ಕಕ್ಷರದ ವಿಶೇಷನಾಮವಿದೆಯೆಂದೂ, ‘ದೇವರು’ ಎಂದಿದ್ದರೆ ಸಾಮಾನ್ಯವಾಗಿ ಎಲೋಹೀಮ್ ಅಥವಾ ಏಲ್ ಇದೆಯೆಂದೂ, ‘ಕರ್ತನು’ ಎಂದಿದ್ದರೆ ಅದೋನಾಯ್ ಇದೆಯೆಂದೂ ಊಹಿಸಬಹುದು. ‘ಸರ್ವಶಕ್ತನು’ ಎಂಬುದು ಶದ್ದೈ, ‘ಪರಾತ್ಪರನು’ ಎಂಬುದು ಎಲ್ಯೋನ್, ‘ಸೇನಾಧೀಶ್ವರನಾದ ಯೆಹೋವನು’ ಎಂಬುದು ನಾಲ್ಕಕ್ಷರದ ನಾಮದೊಂದಿಗೆ ಚ್ವಾಓತ್ ಎಂಬ ಪದ ಸೇರಿದ ರೂಪ. ಸರಳ ಕನ್ನಡದ ಇನ್ನೊಂದು ಅನುವಾದದಲ್ಲಿ ‘ಯೆಹೋವ’ ಎಂಬುದರ ಸ್ಥಾನದಲ್ಲಿ ‘ಸರ್ವೇಶ್ವರ’ ಎಂದಿರುತ್ತದೆ. ಆ ನಾಮವನ್ನು ಉಚ್ಚರಿಸದ ಯೆಹೂದ್ಯರ ಸಂಪ್ರದಾಯಕ್ಕೆ ಈ ಆಯ್ಕೆ ಹತ್ತಿರವಾಗಿದೆ ಎಂಬುದು ಅದರ ಗುಣ. ಆದರೆ ಅದೊಂದು ಬಿರುದಿನಂತೆ ಕೇಳಿಸುವುದರಿಂದ, ಮೂಲದಲ್ಲಿರುವುದು ಒಬ್ಬಾತನ ಸ್ವಂತ ಹೆಸರು ಎಂಬ ಅಂಶ ಮರೆಯಾಗುತ್ತದೆ. ಅಭ್ಯಾಸದ ಓದಿಗೆ ‘ಯೆಹೋವ’ ಎಂದು ಬಳಸುವ ಅನುವಾದವೇ ಅನುಕೂಲವೆಂದು ನನ್ನ ಅಭಿಪ್ರಾಯ.

ಊಹೆಯನ್ನು ಖಚಿತಪಡಿಸಿಕೊಳ್ಳಲು ಸ್ಟ್ರಾಂಗ್ ಸಂಖ್ಯೆಗಳು ನೆರವಾಗುತ್ತವೆ. ಜೇಮ್ಸ್ ಸ್ಟ್ರಾಂಗ್ ಅವರು 1890ರಲ್ಲಿ ಪ್ರಕಟಿಸಿದ ಪದಸೂಚಿಯಲ್ಲಿ ಪ್ರತಿಯೊಂದು ಹೀಬ್ರೂ ಪದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟಿದ್ದರು. ಇಂದು ಉಚಿತವಾಗಿ ಸಿಗುವ ಅನೇಕ ಬೈಬಲ್ ಆ್ಯಪ್‌ಗಳು ಅದೇ ಸಂಖ್ಯೆಗಳನ್ನು ಬಳಸುತ್ತವೆ. ನಾಲ್ಕಕ್ಷರದ ನಾಮಕ್ಕೆ 3068, ಎಲೋಹೀಮ್‌ಗೆ 430, ಏಲ್‌ಗೆ 410, ಅದೋನಾಯ್‌ಗೆ 136, ಶದ್ದೈಗೆ 7706, ಎಲ್ಯೋನ್‌ಗೆ 5945 ಎಂಬ ಆರನ್ನು ಗುರುತು ಹಾಕಿಕೊಂಡರೆ ಬಹುಪಾಲು ಕೆಲಸ ನಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಆ ಪದಸೂಚಿಯಲ್ಲಿ ಸಂಖ್ಯೆಯ ಎದುರಿಗಿರುವ ಅರ್ಥಗಳ ಸಾಲಿನಿಂದ ತಮಗೆ ಇಷ್ಟವಾದದ್ದನ್ನು ಆರಿಸಿಕೊಂಡು ವಾಕ್ಯಕ್ಕೆ ಹಚ್ಚುವುದು ಸರಿಯಲ್ಲ. ಸಂಖ್ಯೆಯಿಂದ ಮೂಲದಲ್ಲಿರುವ ಪದ ಯಾವುದೆಂದು ತಿಳಿಯುತ್ತದೆ. ಅದರ ಅರ್ಥವನ್ನು ವಾಕ್ಯದಿಂದಲೇ ತಿಳಿಯಬೇಕು.

ಎಲೋಹೀಮ್: ಕ್ರಿಯಾಪದವನ್ನು ನೋಡಿ

ಎಲೋಹೀಮ್ ಎಂಬುದು ರೂಪದಲ್ಲಿ ಬಹುವಚನ. ಹೀಬ್ರೂವಿನಲ್ಲಿ ‘-ಈಮ್’ ಪುಲ್ಲಿಂಗ ಬಹುವಚನದ ಪ್ರತ್ಯಯ. ಆದರೂ ಬೈಬಲಿನ ಮೊದಲ ವಾಕ್ಯದಲ್ಲಿ ಅದಕ್ಕೆ ಹೊಂದಿರುವ ‘ಬಾರಾ’ ಎಂಬ ಕ್ರಿಯಾಪದ ಏಕವಚನದಲ್ಲಿದೆ. ಇದನ್ನು ಅರ್ಥಮಾಡಿಕೊಳ್ಳಲು ಕನ್ನಡಿಗರು ಕಷ್ಟಪಡಬೇಕಾಗಿಲ್ಲ. ನಮ್ಮ ಹಳೆಯ ಅನುವಾದದಲ್ಲಿ ಅದೇ ವಾಕ್ಯ ‘ದೇವರು’ ಎಂಬ ಬಹುವಚನರೂಪದ ಕರ್ತೃಪದವನ್ನು ‘ಉಂಟುಮಾಡಿದನು’ ಎಂಬ ಏಕವಚನದ ಕ್ರಿಯಾಪದದೊಂದಿಗೆ ಸೇರಿಸಿದೆ. ‘ಉಂಟುಮಾಡಿದರು’ ಎಂದು ಹೇಳಿಲ್ಲ. ರೂಪದಲ್ಲಿ ಬಹುವಚನ, ಅರ್ಥದಲ್ಲಿ ಏಕವಚನ. ಹೀಬ್ರೂವಿನಲ್ಲಿ ಇಂತಹ ಬಹುವಚನ ದೇವರಿಗಷ್ಟೇ ಮೀಸಲಲ್ಲ. ವಿಮೋಚನಕಾಂಡ 21:29ರಲ್ಲಿ ಹಾಯುವ ಎತ್ತಿನ ಒಡೆಯ ಒಬ್ಬನೇ ಆಗಿದ್ದರೂ ಒಡೆಯನನ್ನು ಸೂಚಿಸುವ ಪದ ಬಹುವಚನರೂಪದಲ್ಲಿದೆ. ಆದ್ದರಿಂದ ಈ ರೂಪವೊಂದನ್ನೇ ಹಿಡಿದು ಅನೇಕ ದೇವತೆಗಳನ್ನಾಗಲಿ, ತ್ರಿಯೇಕತ್ವವನ್ನಾಗಲಿ ಸಾಧಿಸಲು ಹೋಗುವುದು ವ್ಯಾಕರಣದ ಮೇಲೆ ಅತಿಯಾದ ಭಾರ ಹೊರಿಸಿದಂತಾಗುತ್ತದೆ.

ಎಲೋಹೀಮ್ ಎಂಬುದು ಹೆಸರಲ್ಲ, ಒಂದು ವರ್ಗವನ್ನು ಸೂಚಿಸುವ ಪದ. ಹತ್ತು ಆಜ್ಞೆಗಳಲ್ಲಿ ನಿಷೇಧಿಸಲಾಗಿರುವ ಅನ್ಯದೇವರುಗಳೂ ‘ಎಲೋಹೀಮ್ ಅಹೇರೀಮ್’. ಅಲ್ಲಿ ವಿಶೇಷಣವೂ ಬಹುವಚನದಲ್ಲಿದೆ. ವಿಮೋಚನಕಾಂಡ 7:1ರಲ್ಲಿ ಮೋಶೆಯನ್ನು ಫರೋಹನಿಗೆ ಎಲೋಹೀಮ್ ಆಗಿ ಮಾಡಿದ್ದೇನೆಂಬ ಮಾತಿದೆ. 1 ಸಮುವೇಲ 28:13ರಲ್ಲಿ ಸತ್ತವರನ್ನು ಎಬ್ಬಿಸಬಲ್ಲ ಹೆಂಗಸು ಭೂಮಿಯೊಳಗಿಂದ ಏರಿಬರುವುದನ್ನು ಕಂಡು ಇದೇ ಪದವನ್ನು ಬಳಸುತ್ತಾಳೆ. 82ನೆಯ ಕೀರ್ತನೆಯ ಮೊದಲ ವಾಕ್ಯದಲ್ಲಂತೂ ಎಲೋಹೀಮ್ ಎರಡು ಬಾರಿ ಬರುತ್ತದೆ: ಒಮ್ಮೆ ಸಭೆಯಲ್ಲಿ ನಿಂತು ನ್ಯಾಯತೀರಿಸುವಾತನಿಗೆ, ಇನ್ನೊಮ್ಮೆ ಆತನ ಮುಂದೆ ನಿಂತಿರುವ ಇತರರಿಗೆ. ‘ದೇವರು’ ಎಂಬ ಪದ ಎಲ್ಲಿ ಅನಿರೀಕ್ಷಿತವಾಗಿ ಬರುತ್ತದೆಯೋ ಅಲ್ಲಿ ನಿಂತು ಸಂಖ್ಯೆಯನ್ನು ಪರೀಕ್ಷಿಸುವ ಅಭ್ಯಾಸವನ್ನು ಇಂತಹ ವಾಕ್ಯಗಳಿಂದಲೇ ಆರಂಭಿಸಬಹುದು.

ನಾಲ್ಕಕ್ಷರದ ನಾಮ

ಯೋದ್, ಹೇ, ವಾವ್, ಹೇ ಎಂಬ ನಾಲ್ಕು ವ್ಯಂಜನಗಳ ಈ ನಾಮ ಹೀಬ್ರೂ ಬೈಬಲಿನಲ್ಲಿ ಸುಮಾರು 6,800 ಬಾರಿ ಬರುತ್ತದೆ. ಇದು ಇಸ್ರಾಯೇಲ್ಯರ ದೇವರ ಸ್ವಂತ ಹೆಸರು. ನೆರೆಯವರೂ ಅದನ್ನು ಹಾಗೆಯೇ ತಿಳಿದಿದ್ದರು. 1868ರಲ್ಲಿ ಇಂದಿನ ಜೋರ್ಡಾನಿನ ದೀಬಾನ್‌ನಲ್ಲಿ ದೊರೆತ, ಕ್ರಿ.ಪೂ. 9ನೆಯ ಶತಮಾನದ ಶಾಸನದಲ್ಲಿ ಮೋವಾಬಿನ ಅರಸ ಮೇಷನು ತಾನು ಗೆದ್ದ ಊರಿನಿಂದ ಈ ದೇವರಿಗೆ ಸೇರಿದ ವಸ್ತುಗಳನ್ನು ಎಳೆತಂದು ತನ್ನ ದೇವರಾದ ಕೆಮೋಷನ ಮುಂದೆ ಇಟ್ಟುದಾಗಿ ಹೇಳಿಕೊಂಡಿದ್ದಾನೆ. ಅಲ್ಲಿ ನಾಲ್ಕಕ್ಷರಗಳೂ ಇವೆ.

ನಾಮದ ಅರ್ಥಕ್ಕೆ ಬೈಬಲೇ ಕೊಡುವ ವಿವರಣೆ ವಿಮೋಚನಕಾಂಡ 3:14ರಲ್ಲಿದೆ: ‘ಎಹ್ಯೆ ಅಶೆರ್ ಎಹ್ಯೆ’. ಎಹ್ಯೆ ಎಂಬುದು ‘ಇರು’, ‘ಆಗು’ ಎಂಬ ಧಾತುವಿನ ಉತ್ತಮಪುರುಷ ಏಕವಚನ. ಕ್ರಿಯೆ ಮುಗಿದಿಲ್ಲವೆಂಬುದನ್ನು ಆ ರೂಪ ಸೂಚಿಸುತ್ತದೆ. ಕನ್ನಡದಲ್ಲಿ ಇದನ್ನು ‘ಇರುವಾತನು’ ಎಂಬ ಪದದಿಂದ ಹಿಡಿಯಲಾಗಿದೆ. ಗ್ರೀಕ್ ಅನುವಾದವೂ ಅದೇ ದಾರಿಯಲ್ಲಿ ನಡೆದು ತತ್ತ್ವಶಾಸ್ತ್ರದ ಛಾಯೆಯನ್ನು ತಂದಿತು. ಆದರೆ ಎರಡೇ ವಾಕ್ಯ ಹಿಂದಕ್ಕೆ ಹೋಗಿ 12ನೆಯದನ್ನು ಓದಿ. ಫರೋಹನ ಬಳಿಗೆ ಹೋಗಲು ಅಂಜುವ ಮೋಶೆಗೆ ದೇವರು ‘ನಾನು ನಿನ್ನ ಸಂಗಡ ಇರುವೆನು’ ಎನ್ನುವಾಗಲೂ ಇರುವುದು ಅದೇ ಎಹ್ಯೆ. ಹೀಗೆ ಓದಿದಾಗ ಆ ನಾಮ ಬರಿಯ ಅಸ್ತಿತ್ವವನ್ನು ಸಾರುವುದಕ್ಕಿಂತ ಹೆಚ್ಚಾಗಿ, ಭಯದಲ್ಲಿರುವವನ ಜೊತೆಗಿರುವ ಮಾತು ಕೊಡುತ್ತದೆ. ದೇವರು ತನ್ನನ್ನು ಕುರಿತು ‘ಇರುವೆನು’ ಎನ್ನುತ್ತಾನೆ. ಜನರು ಅದನ್ನೇ ಪ್ರಥಮಪುರುಷಕ್ಕೆ ತಿರುಗಿಸಿ ನಾಲ್ಕಕ್ಷರದ ರೂಪದಲ್ಲಿ ಹೇಳುತ್ತಾರೆ ಎಂಬಂತೆ ಆ ಪ್ರಸಂಗ ಸಾಗುತ್ತದೆ.

ಉಚ್ಚಾರಣೆಯ ಪ್ರಶ್ನೆಗೆ ಬರೋಣ. ಪ್ರಾಚೀನ ಹೀಬ್ರೂ ಬರಹದಲ್ಲಿ ಮುಖ್ಯವಾಗಿ ವ್ಯಂಜನಗಳನ್ನೇ ಬರೆಯುತ್ತಿದ್ದರು. ಗುಣಿತದ ಚಿಹ್ನೆಗಳಿಲ್ಲದ ಕನ್ನಡವನ್ನು ಓದಿದಂತೆ ಓದುಗನೇ ಸ್ವರಗಳನ್ನು ತುಂಬಿಕೊಳ್ಳಬೇಕಿತ್ತು. ದೇವಾಲಯವಿದ್ದ ಕಾಲದಲ್ಲಿ ಮಹಾಯಾಜಕನು ದೋಷಪರಿಹಾರದ ದಿನದಂದು ನಾಮವನ್ನು ಉಚ್ಚರಿಸುತ್ತಿದ್ದನೆಂದು ಯೆಹೂದ್ಯರ ಪ್ರಾಚೀನ ನಿಯಮಸಂಗ್ರಹವಾದ ಮಿಷ್ನಾ ಹೇಳುತ್ತದೆ. ಕ್ರಿ.ಶ. 70ರಲ್ಲಿ ದೇವಾಲಯ ನಾಶವಾಯಿತು. ನಾಮದ ಬದಲು ‘ಅದೋನಾಯ್’ ಎಂದು ಓದುವ ರೂಢಿ ನೆಲೆಯಾಯಿತು. ಮುಂದೆ ಹೀಬ್ರೂ ಬೈಬಲಿನ ಪಾಠವನ್ನು ಕಾಪಾಡಿದ ತಿಬೇರಿಯದ ಮಸೋರಾ ಪಂಡಿತರು ಸ್ವರಚಿಹ್ನೆಗಳನ್ನು ಹಾಕಿದಾಗ, ಈ ನಾಲ್ಕು ವ್ಯಂಜನಗಳಿಗೆ ಅದೋನಾಯ್ ಪದದ ಸ್ವರಗಳನ್ನು ಸೂಚಿಸಿದರು. ಬರೆದದ್ದು ಒಂದು, ಓದಬೇಕಾದದ್ದು ಇನ್ನೊಂದು ಎಂಬುದರ ಗುರುತು ಅದು. ಆ ರೂಢಿಯನ್ನು ಅರಿಯದೆ ಎರಡನ್ನೂ ಕೂಡಿಸಿ ಓದಿದ್ದರಿಂದ ‘ಯೆಹೋವ’ ಎಂಬ ರೂಪ ಹುಟ್ಟಿ, ಯುರೋಪಿನ ಭಾಷೆಗಳ ಮೂಲಕ ಕನ್ನಡಕ್ಕೂ ಬಂದಿತು. ವಿದ್ವಾಂಸರು ಹೆಚ್ಚಾಗಿ ಒಪ್ಪುವ ರೂಪ ‘ಯಾಹ್ವೆ’. ಸಮಾರ್ಯರು ‘ಯಾಬೆ’ ಎನ್ನುತ್ತಿದ್ದರೆಂಬ, ಪ್ರಾಚೀನ ಕ್ರೈಸ್ತ ಲೇಖಕ ಥಿಯೊಡೊರೆಟ್‌ನ ಗ್ರೀಕ್ ಬರಹವೂ, ‘ಯಾಹ್’ ಎಂಬ ಹ್ರಸ್ವರೂಪ ಬೈಬಲಿನಲ್ಲೇ ಉಳಿದಿರುವುದೂ ಅದಕ್ಕೆ ಆಧಾರಗಳು. ಕನ್ನಡದಲ್ಲಿ ‘ಯೆಹೋವ’ ಬೇರುಬಿಟ್ಟಿರುವುದರಿಂದ ಪ್ರಾರ್ಥನೆಯಲ್ಲಿ ಅದನ್ನು ಬದಲಿಸಬೇಕೆಂದು ಒತ್ತಾಯಿಸುವುದು ಅನಗತ್ಯ. ಅಧ್ಯಯನದ ಬರಹದಲ್ಲಿ ಅದರ ಹುಟ್ಟನ್ನು ತಿಳಿದಿದ್ದರೆ ಸಾಕು.

ಹೆಸರಿಗೂ ವರ್ಗಸೂಚಕ ಪದಕ್ಕೂ ಇರುವ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು 1 ಅರಸುಗಳು 18ರಲ್ಲಿ. ಕರ್ಮೆಲ್ ಬೆಟ್ಟದ ಮೇಲೆ ಎಲೀಯನು ಜನರ ಮುಂದಿಡುವ ಪ್ರಶ್ನೆ ದೇವರಿದ್ದಾನೆಯೋ ಇಲ್ಲವೋ ಎಂಬುದಲ್ಲ. ಎಲೋಹೀಮ್ ಎಂಬ ಸ್ಥಾನ ಯಾರದು, ಯೆಹೋವನದೋ ಬಾಳನದೋ ಎಂಬುದು. ಕೊನೆಗೆ ಜನರು ‘ಯೆಹೋವನೇ ದೇವರು’ ಎಂದು ಎರಡು ಬಾರಿ ಕೂಗುತ್ತಾರೆ. ಎರಡೂ ಪದಗಳು ಒಂದೇ ಎಂದು ತಿಳಿದು ಓದುವವರಿಗೆ ಆ ಕೂಗು ಹೇಳಿದ್ದನ್ನೇ ಹೇಳಿದಂತೆ ತೋರುತ್ತದೆ. ‘ಎಲೀಯಾಹು’ ಎಂಬ ಆ ಪ್ರವಾದಿಯ ಹೆಸರಿನ ಅರ್ಥವೂ ‘ಯಾಹುವೇ ನನ್ನ ದೇವರು’ ಎಂದೇ.

ಏಲ್ ಎಂಬ ಹಳೆಯ ಪದ ಮತ್ತು ಶದ್ದೈಯ ತೊಡಕು

ಏಲ್ ಹೀಬ್ರೂವಿಗಿಂತ ಹಳೆಯದು. ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ದೊರೆತ ಮಣ್ಣಿನ ಹಲಗೆಗಳಲ್ಲಿ ದೇವತೆಗಳ ಸಭೆಯ ಹಿರಿಯನ ಹೆಸರೇ ಏಲ್. ಆದಿಕಾಂಡದ ಪಿತೃಗಳ ಕಥೆಗಳಲ್ಲಿ ಈ ಪದ ಹೆಚ್ಚಾಗಿ ಒಂದು ಸ್ಥಳಕ್ಕೋ ಒಂದು ಘಟನೆಗೋ ಅಂಟಿಕೊಂಡು ಬರುತ್ತದೆ: ಮೆಲ್ಕೀಚೆದೆಕನು ಏಲ್ ಎಲ್ಯೋನ್‌ನ ಯಾಜಕ, ಬೇರ್ಷೆಬದಲ್ಲಿ ಅಬ್ರಹಾಮನು ಕರೆಯುವುದು ಏಲ್ ಓಲಾಮ್ ಅಂದರೆ ನಿತ್ಯನಾದ ದೇವರನ್ನು. ಇವುಗಳಲ್ಲಿ ನನಗೆ ವಿಶೇಷವಾಗಿ ಕಾಣುವುದು ಆದಿಕಾಂಡ 16:13ರ ಏಲ್ ರೋಈ. ನೋಡುವ ದೇವರು ಎಂಬ ಈ ನಾಮವನ್ನು ಇಡುವವಳು ಹಾಗರಳು. ಒಡತಿಯ ಕಾಟಕ್ಕೆ ಅಡವಿಗೆ ಓಡಿಬಂದ ಐಗುಪ್ತದ ದಾಸಿ.

ಶದ್ದೈ ಎಂಬುದರ ಮೂಲಾರ್ಥವನ್ನು ಕುರಿತು ಒಮ್ಮತವಿಲ್ಲ. ಅಕ್ಕಾಡಿಯನ್ ಭಾಷೆಯಲ್ಲಿ ಬೆಟ್ಟಕ್ಕೆ ‘ಶದೂ’ ಎನ್ನುವುದರಿಂದ ಅದು ಬೆಟ್ಟದ ದೇವರೆಂದು ಕೆಲವರು, ‘ಹಾಳುಮಾಡು’ ಎಂಬ ಧಾತುವಿನಿಂದ ಬಂದುದೆಂದು ಕೆಲವರು, ಮೊಲೆ ಎಂಬ ಅರ್ಥದ ‘ಶದ್’ ಪದಕ್ಕೆ ಸಂಬಂಧಿಸಿದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು ಅದನ್ನು ‘ಶೆ-ದಾಯ್’ ಎಂದು ಬಿಡಿಸಿ, ಸಾಕೆನ್ನುವಾತನು ಎಂಬ ಅರ್ಥವನ್ನು ಕಂಡರು. ಬೈಬಲಿನ ಲೇಖಕರೇ ಈ ಧ್ವನಿಗಳೊಂದಿಗೆ ಆಡಿದ್ದಾರೆ: ಯೆಶಾಯ 13:6ರಲ್ಲಿ ಶದ್ದೈಯಿಂದ ‘ಶೋದ್’ ಅಂದರೆ ನಾಶ ಬರುತ್ತದೆ, ಆದಿಕಾಂಡ 49:25ರಲ್ಲಿ ಶದ್ದೈಯ ಆಶೀರ್ವಾದ ಮೊಲೆ ಮತ್ತು ಗರ್ಭಗಳ ಆಶೀರ್ವಾದವಾಗಿದೆ. ‘ಸರ್ವಶಕ್ತ’ ಎಂಬ ಅನುವಾದ ಇವಾವುದರಿಂದಲೂ ಬಂದದ್ದಲ್ಲ. ಅದು ಗ್ರೀಕಿನ ‘ಪಾಂತೊಕ್ರಾತೋರ್’ ಮತ್ತು ಲ್ಯಾಟಿನ್ನಿನ ‘ಒಮ್ನಿಪೊತೆನ್ಸ್’ ಹಾಕಿಕೊಟ್ಟ ದಾರಿ. ಆದ್ದರಿಂದ ಸರ್ವಶಕ್ತಿ ಎಂಬ ಪರಿಕಲ್ಪನೆಯ ಮೇಲೆ ಉಪದೇಶವನ್ನು ಕಟ್ಟುವವರು ಶದ್ದೈ ಪದವನ್ನೇ ಅದಕ್ಕೆ ಆಧಾರವಾಗಿ ಕೊಡಬಾರದು. ಈ ಪದ ಬರುವ 48 ಸ್ಥಳಗಳಲ್ಲಿ 31 ಯೋಬನ ಪುಸ್ತಕದಲ್ಲಿವೆ. ಕಷ್ಟದಲ್ಲಿರುವವನು ಮತ್ತು ಅವನ ಗೆಳೆಯರು ಆಡುವ ವಾದದ ಮಾತು ಅದು.

ಸೇನಾಧೀಶ್ವರ ಎಂಬುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಚ್ವಾಓತ್’ ಎಂದರೆ ಸೇನೆಗಳು. ಮನುಷ್ಯರ ಸೈನ್ಯವೂ ಆಕಾಶದ ನಕ್ಷತ್ರಗಣವೂ ಆಗಬಹುದು. ಮೋಶೆಯ ಐದು ಪುಸ್ತಕಗಳಲ್ಲಿ ಈ ನಾಮ ಇಲ್ಲ. ಮೊದಲು ಕಾಣುವುದು 1 ಸಮುವೇಲ 1:3ರಲ್ಲಿ.

‘ಯೆಹೋವ ಯೀರೆ’ ಮುಂತಾದ ಪಟ್ಟಿಗಳನ್ನು ಎಚ್ಚರದಿಂದ ಬಳಸಿ

ಕ್ರೈಸ್ತರ ಮನೆಗಳ ಮತ್ತು ಅಂಗಡಿಗಳ ಫಲಕಗಳಲ್ಲಿ, ಕ್ಯಾಲೆಂಡರುಗಳಲ್ಲಿ ಯೆಹೋವ ಯೀರೆ, ಯೆಹೋವ ನಿಸ್ಸಿ, ಯೆಹೋವ ಶಾಲೋಮ್, ಯೆಹೋವ ಶಮ್ಮಾ ಎಂಬ ನಾಮಾವಳಿ ಕಾಣುತ್ತದೆ. ಭಕ್ತಿಗೆ ಅವು ಒದಗಬಹುದು. ಆದರೆ ವಾಕ್ಯಗಳನ್ನು ತೆರೆದು ನೋಡಿದರೆ ಯೀರೆ ಎಂಬುದು ಅಬ್ರಹಾಮನು ಒಂದು ಸ್ಥಳಕ್ಕೆ ಇಟ್ಟ ಹೆಸರು (ಆದಿಕಾಂಡ 22:14), ನಿಸ್ಸಿ ಮೋಶೆ ಕಟ್ಟಿದ ಯಜ್ಞವೇದಿಯ ಹೆಸರು (ವಿಮೋಚನಕಾಂಡ 17:15), ಶಾಲೋಮ್ ಗಿದ್ಯೋನನ ಯಜ್ಞವೇದಿಯದು (ನ್ಯಾಯಸ್ಥಾಪಕರು 6:24), ಶಮ್ಮಾ ಯೆಹೆಜ್ಕೇಲನು ಕಂಡ ಪಟ್ಟಣದ್ದು (ಯೆಹೆಜ್ಕೇಲ 48:35). ದೇವರು ಇಲ್ಲಿ ಏನು ಮಾಡಿದನು ಎಂಬುದನ್ನು ನೆನಪಿನಲ್ಲಿಡಲು ಜನರು ನೆಲಕ್ಕೂ ಕಲ್ಲಿಗೂ ಇಟ್ಟ ಹೆಸರುಗಳಿವು. ‘ಎಬೆನೆಜೆರ್’ ಎಂಬುದೂ ಹಾಗೆಯೇ: ಸಮುವೇಲನು ನಿಲ್ಲಿಸಿದ ಸಹಾಯದ ಕಲ್ಲು.

ಮನುಷ್ಯರ ಹೆಸರುಗಳಲ್ಲಿ ದೇವರ ಹೆಸರು

ಹೀಬ್ರೂ ಹೆಸರುಗಳು ಹಲವು ಬಾರಿ ಪೂರ್ಣವಾಕ್ಯಗಳು. ಆರಂಭದಲ್ಲಿ ‘ಯೆಹೋ-’ ಅಥವಾ ‘ಯೋ-’, ಕೊನೆಯಲ್ಲಿ ‘-ಯಾಹು’ ಅಥವಾ ‘-ಯಾಹ್’ ಇದ್ದರೆ ಅದು ನಾಲ್ಕಕ್ಷರದ ನಾಮದ ಹ್ರಸ್ವರೂಪ. ಕನ್ನಡದಲ್ಲಿ ಕೊನೆಯದು ‘-ಯ’ ಆಗಿ ಉಳಿದಿದೆ. ‘-ಏಲ್’ ಇದ್ದರೆ ಏಲ್. ದಾನಿಯೇಲ ಎಂದರೆ ಏಲ್ ನನ್ನ ನ್ಯಾಯಾಧಿಪತಿ; ಮೀಕಾಯೇಲ ಎಂದರೆ ಏಲ್‌ಗೆ ಸಮಾನನು ಯಾರು; ಇಷ್ಮಾಯೇಲ ಎಂದರೆ ಏಲ್ ಆಲಿಸುತ್ತಾನೆ; ಯೋಹಾನ ಎಂದರೆ ಯಾಹ್ ಕೃಪೆತೋರಿದ್ದಾನೆ. ಯೋವೇಲ ಎಂಬಲ್ಲಿ ಎರಡೂ ಕೂಡಿವೆ: ಯಾಹ್‌ನೇ ಏಲ್. ಹಿಜ್ಕೀಯ ಮತ್ತು ಯೆಹೆಜ್ಕೇಲ ಎಂಬ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಬಲಪಡಿಸು ಎಂಬ ಒಂದೇ ಧಾತು, ದೇವನಾಮ ಮಾತ್ರ ಬೇರೆ. 2 ಅರಸುಗಳು 23:34ರಲ್ಲಿ ಐಗುಪ್ತದ ಫರೋಹ ನೆಕೋ ಯೆಹೂದದ ಸಿಂಹಾಸನದ ಮೇಲೆ ಎಲ್ಯಾಕೀಮನನ್ನು ಕೂರಿಸಿ, ಅವನ ಹೆಸರನ್ನು ಯೆಹೋಯಾಕೀಮ ಎಂದು ಬದಲಿಸುತ್ತಾನೆ. ‘ಏಲ್ ಸ್ಥಾಪಿಸುತ್ತಾನೆ’ ಎಂಬುದು ‘ಯಾಹ್ ಸ್ಥಾಪಿಸುತ್ತಾನೆ’ ಎಂದಾಯಿತು. ದೇವರ ವಿಷಯದಲ್ಲಿ ಇದರಿಂದ ಏನೂ ಬದಲಾಗಲಿಲ್ಲ. ಅರಸನು ಯಾರ ಅಧೀನನೆಂಬುದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಈ ವಿಧಾನದಲ್ಲಿ ಎಡವುವವರೂ ಹೆಚ್ಚು. ರಾಹೇಲಳ ಹೆಸರಿನಲ್ಲಿ ಏಲ್ ಇಲ್ಲ; ಅದರ ಅರ್ಥ ಹೆಣ್ಣುಕುರಿ, ಹೀಬ್ರೂ ಅಕ್ಷರಗಳೇ ಬೇರೆ. ಯೋನ ಎಂದರೆ ಪಾರಿವಾಳ. ಯೋಸೇಫ ಎಂಬಲ್ಲಿನ ‘ಯೋ’ ದೇವನಾಮವಲ್ಲ, ‘ಆತನು ಇನ್ನೂ ಕೂಡಿಸಲಿ’ ಎಂಬ ಕ್ರಿಯಾಪದದ ಭಾಗ. ಆದಿಕಾಂಡ 30:24ರಲ್ಲಿ ತಾಯಿಯೇ ಅದನ್ನು ವಿವರಿಸುತ್ತಾಳೆ. ಕನ್ನಡ ಲಿಪಿಯಲ್ಲಿ ಒಂದೇ ಬಗೆಯಾಗಿ ಕಾಣುವುದು ಹೀಬ್ರೂವಿನಲ್ಲಿ ಒಂದೇ ಆಗಿರಬೇಕೆಂದಿಲ್ಲ. ಸೌಲನ ಮಗನೊಬ್ಬನು 1 ಪೂರ್ವಕಾಲವೃತ್ತಾಂತದಲ್ಲಿ ಎಷ್ಬಾಳ, 2 ಸಮುವೇಲದಲ್ಲಿ ಈಷ್ಬೋಶೆತ. ಒಡೆಯ ಎಂಬ ಅರ್ಥದ ಬಾಳ್ ಪದ ಪರದೇವತೆಯ ಹೆಸರಾಗಿ ಹೇಸಿಗೆಯೆನಿಸಿದ ಮೇಲೆ ಅದರ ಸ್ಥಾನದಲ್ಲಿ ‘ನಾಚಿಕೆ’ ಎಂಬ ಅರ್ಥದ ‘ಬೋಶೆತ್’ ಬಂದು ಕುಳಿತಿದೆ ಎಂದು ಬಹುಮಂದಿ ವಿದ್ವಾಂಸರು ತಿಳಿಯುತ್ತಾರೆ.

ಅಭ್ಯಾಸಕ್ಕೆ ಮೂರು ಭಾಗಗಳು

ಮೊದಲನೆಯದಾಗಿ 14 ಮತ್ತು 53ನೆಯ ಕೀರ್ತನೆಗಳನ್ನು ಅಕ್ಕಪಕ್ಕದಲ್ಲಿ ಓದಿ. ಎರಡೂ ಬಹುಮಟ್ಟಿಗೆ ಒಂದೇ ಪದ್ಯ. ಆದರೆ 14ರಲ್ಲಿ ಆಕಾಶದಿಂದ ನೋಡುವಾತನು ಯೆಹೋವ, 53ರಲ್ಲಿ ದೇವರು. 42ರಿಂದ 83ರವರೆಗಿನ ಕೀರ್ತನೆಗಳಲ್ಲಿ ಎಲೋಹೀಮ್ ಎಂಬುದಕ್ಕೆ ಒಲವಿರುವುದು ಹೀಗೆ ಕಣ್ಣಿಗೆ ಬೀಳುತ್ತದೆ. ಅನಂತರ ಆದಿಕಾಂಡದ ಮೊದಲ ಮೂರು ಅಧ್ಯಾಯಗಳಿಗೆ ಬನ್ನಿ. ಮೊದಲನೆಯದರಲ್ಲಿ ಎಲೋಹೀಮ್ ಮಾತ್ರ. 2:4ರಿಂದ ಎರಡೂ ಕೂಡಿದ ‘ಯೆಹೋವ ದೇವರು’. ಈ ವ್ಯತ್ಯಾಸವನ್ನು ಹಿಡಿದು ಫ್ರಾನ್ಸಿನ ವೈದ್ಯ ಜ್ಯಾಂ ಆಸ್ತ್ರುಕ್ 1753ರಲ್ಲಿ ಮೋಶೆಯು ಬೇರೆ ಬೇರೆ ಮೂಲಬರಹಗಳನ್ನು ಬಳಸಿದ್ದನೆಂದು ವಾದಿಸಿದನು. ಮುಂದಿನ ಮೂಲವಿಮರ್ಶೆಗೆ ಅದು ಬುನಾದಿಯಾಯಿತು. ಆ ಸಿದ್ಧಾಂತವನ್ನು ಒಪ್ಪಿದರೂ ಬಿಟ್ಟರೂ ಇನ್ನೊಂದನ್ನು ಗಮನಿಸಬಹುದು: ಮೂರನೆಯ ಅಧ್ಯಾಯದ ಆರಂಭದಲ್ಲಿ ಸರ್ಪವೂ ಸ್ತ್ರೀಯೂ ಮಾತಾಡುವಾಗ ಸ್ವಂತ ಹೆಸರನ್ನು ಬಿಟ್ಟು ‘ದೇವರು’ ಎಂದಷ್ಟೇ ಹೇಳುತ್ತಾರೆ. ಮೂರನೆಯದಾಗಿ, ಎಸ್ತೇರಳ ಪುಸ್ತಕದ ಹೀಬ್ರೂ ಪಾಠವನ್ನು ಆಧರಿಸಿದ ಅನುವಾದವನ್ನು ಇಡಿಯಾಗಿ ಓದಿ. ದೇವರನ್ನು ಕುರಿತ ಯಾವ ಪದವೂ ಅಲ್ಲಿ ಸಿಗುವುದಿಲ್ಲ.

ಹೊಸ ಒಡಂಬಡಿಕೆಗೆ ದಾಟುವಾಗ ಒಂದು ಸಂಗತಿ ನೆನಪಿರಲಿ. ಅಲ್ಲಿನ ‘ಕರ್ತನು’ ಗ್ರೀಕಿನ ‘ಕೂರಿಯೊಸ್’ ಪದದ ಅನುವಾದ. ಹಳೆಯ ಒಡಂಬಡಿಕೆಯ ಉದ್ಧರಣೆಯೊಳಗೆ ಆ ಪದ ಬಂದರೆ ಮೂಲ ಹೀಬ್ರೂ ವಾಕ್ಯವನ್ನು ಹುಡುಕಿ. ಹಲವು ಕಡೆ ಅಲ್ಲಿ ನಾಲ್ಕಕ್ಷರದ ನಾಮವೇ ಇರುತ್ತದೆ. ಮಾರ್ಕ 1:3ನ್ನು ಯೆಶಾಯ 40:3ರೊಂದಿಗೆ ಹೋಲಿಸಿದರೆ ಇದು ತಿಳಿಯುತ್ತದೆ.

ಯೆಹೂದ್ಯ ಓದುಗರಿಗಾಗಿ ಬರೆಯುವಾಗ ಅಥವಾ ಅವರೊಡನೆ ಮಾತಾಡುವಾಗ

ನಾಲ್ಕಕ್ಷರದ ನಾಮವನ್ನು ಸ್ವರಕೂಡಿಸಿ ಉಚ್ಚರಿಸದಿರುವುದೇ ಸೌಜನ್ಯ. ಸಾಂಪ್ರದಾಯಿಕ ಯೆಹೂದ್ಯರು ಪ್ರಾರ್ಥನೆಯಲ್ಲಿ ಅದೋನಾಯ್ ಎಂದೂ, ಮಾತುಕತೆಯಲ್ಲಿ ‘ಹಷೆಮ್’ ಅಂದರೆ ಆ ಹೆಸರು ಎಂದೂ ಹೇಳುತ್ತಾರೆ. ಎಲೋಹೀಮ್ ಪದವನ್ನು ಸಹ ಪ್ರಾರ್ಥನೆಯ ಹೊರಗೆ ‘ಎಲೋಕೀಮ್’ ಎಂದು ಮಾರ್ಪಡಿಸುತ್ತಾರೆ. ರಬ್ಬಿಗಳ ಸಾಹಿತ್ಯದಲ್ಲಿ ‘ಹಾಮಾಕೋಮ್’ ಅಂದರೆ ಸ್ಥಳ, ‘ಪರಿಶುದ್ಧನು, ಆತನಿಗೆ ಸ್ತೋತ್ರ’, ‘ಲೋಕದ ಒಡೆಯ’ ಎಂಬ ಬಳಸುನುಡಿಗಳಿವೆ. ವಾಸಿಸು ಎಂಬ ಧಾತುವಿನಿಂದ ಬಂದ ‘ಶೆಖೀನಾ’ ದೇವಸಾನ್ನಿಧ್ಯವನ್ನು ಸೂಚಿಸುತ್ತದೆ; ಆ ನಾಮಪದ ಬೈಬಲಿನಲ್ಲಿಲ್ಲ, ಅಲ್ಲಿಂದ ಉದ್ಧರಿಸಿದಂತೆ ಬರೆಯಬಾರದು. ನಾಮವಿರುವ ಹಳೆಯ ಕಾಗದಗಳನ್ನು ಅವರು ಎಸೆಯದೆ ಗೆನೀಜಾ ಎಂಬ ಕೋಣೆಯಲ್ಲಿ ಕೂಡಿಟ್ಟು, ರೂಢಿಯಂತೆ ಮುಂದೆ ಮಣ್ಣುಮಾಡುತ್ತಾರೆ. ಅಕ್ಷರಗಳಿಂದ ಸಂಖ್ಯೆಗಳನ್ನು ಬರೆಯುವಾಗ 15ಕ್ಕೆ 10 ಮತ್ತು 5ರ ಅಕ್ಷರಗಳನ್ನು ಬಳಸಿದರೆ ‘ಯಾಹ್’ ಆಗಿಬಿಡುವುದರಿಂದ 9 ಮತ್ತು 6ರ ಅಕ್ಷರಗಳನ್ನೂ, 16ಕ್ಕೆ ಇದೇ ಕಾರಣದಿಂದ 9 ಮತ್ತು 7ರ ಅಕ್ಷರಗಳನ್ನೂ ಬಳಸುತ್ತಾರೆ. ಹೀಬ್ರೂ ಪಂಚಾಂಗದ ದಿನಾಂಕಗಳನ್ನು ಕನ್ನಡಕ್ಕೆ ತರುವವರು ಈ ಎರಡು ಅಂಕೆಗಳ ಬಳಿ ಸ್ವಲ್ಪ ನಿಧಾನಿಸಬೇಕು.